ಮಡಕೆಯೊಳಗೊಂದು ಮಡಕೆ: ಕರೆಂಟಿಲ್ಲದೆ ತರಕಾರಿ ತಂಪಾಗಿಡುವುದು ಹೇಗೆ?

ಕೆರೆಯಲ್ಲಿ ಈಜಿ ದಡ ಹತ್ತಿದ ಹುಡುಗರು ಉರಿಬಿಸಿಲಲ್ಲೂ ಗಡಗಡ ನಡುಗುತ್ತಾರೆ. ನೀರೊಳಗಿದ್ದಾಗ ಇಲ್ಲದ ಚಳಿ ಹೊರಗೆ ಬಂದ ಮೇಲೆ ಹುಟ್ಟುತ್ತದೆ. ಮೈಗೆ ಅಂಟಿದ ನೀರು ಆರುವಾಗ ಮೈಯ ಬಿಸಿಯನ್ನೇ ಎಳೆದುಕೊಂಡು ಹೋಗುವುದರಿಂದ ಹೀಗಾಗುತ್ತದೆ. ನೀರಿನ ಕಣಗಳೆಲ್ಲ ಒಂದೇ ವೇಗದಲ್ಲಿ ಓಡಾಡುವುದಿಲ್ಲ. ಚುರುಕಾದವು ಕಿತ್ತುಕೊಂಡು ಗಾಳಿಗೆ ಹಾರುತ್ತವೆ, ಮಂದವಾದವು ಉಳಿಯುತ್ತವೆ. ಹಾಗಾಗಿ ಉಳಿದ ನೀರು ತಣ್ಣಗಾಗುತ್ತದೆ.

ಈ ಎಳೆತ ಎಷ್ಟು ಬಲವಾದದ್ದು ಎಂಬುದು ಲೆಕ್ಕ ಹಾಕಿದಾಗಲೇ ತಿಳಿಯುವುದು. 30 ಡಿಗ್ರಿ ಆಸುಪಾಸಿನಲ್ಲಿ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,430 ಕಿಲೋಜೂಲ್ ಶಾಖ ಬೇಕು. 10 ಲೀಟರಿನ ಮಡಕೆಯ ನೀರು 10 ಡಿಗ್ರಿ ಇಳಿಯಲು ಅದರಲ್ಲಿ 170 ಮಿಲಿಲೀಟರ್, ಅಂದರೆ ಒಂದು ಲೋಟಕ್ಕೂ ಕಡಿಮೆ ನೀರು ಆರಿದರೆ ಸಾಕು. ಸುತ್ತಲಿನ ಬಿಸಿ ಮಡಕೆಗೆ ಮತ್ತೆ ಸೇರುತ್ತಲೇ ಇರುವುದರಿಂದ ನಿಜದಲ್ಲಿ ಇನ್ನಷ್ಟು ಖರ್ಚಾಗುತ್ತದೆ, ಅಷ್ಟೇ.

ಎಮ್ಮೆಗೆ ಹಸುವಿಗಿಂತ ಬೆವರು ಗ್ರಂಥಿಗಳು ಕಡಿಮೆ. ಅದಕ್ಕೇ ಅದು ಕೆಸರಲ್ಲಿ ಹೊರಳಿ ಮೈ ಒದ್ದೆ ಮಾಡಿಕೊಳ್ಳುತ್ತದೆ. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಜೇನುನೊಣಗಳು ಬೇಸಿಗೆಯಲ್ಲಿ ನೀರು ಹೊತ್ತು ತಂದು ಗೂಡಿನೊಳಗೆ ಹರಡಿ, ರೆಕ್ಕೆ ಬೀಸಿ ಆರಿಸುತ್ತವೆ. ಇವುಗಳಲ್ಲಿ ನನಗೆ ಜೇನಿನ ಜಾಣತನವೇ ಹೆಚ್ಚು ಇಷ್ಟ. ನೀರಿನ ಜೊತೆ ಗಾಳಿಯೂ ಬೇಕೆಂಬುದು ಅದಕ್ಕೆ ಗೊತ್ತು. ಮನೆಯಲ್ಲಿ ಮಡಕೆ ಇಡುವಾಗ ನಾವು ಮರೆಯುವುದು ಅದನ್ನೇ.

ಮೊದಲು ನಿಮ್ಮೂರಿನ ಗಾಳಿ ಪರೀಕ್ಷಿಸಿ

ಕೋಣೆಯ ತಾಪ ತೋರಿಸುವ ಥರ್ಮಾಮೀಟರ್ ತನ್ನಿ. ಜ್ವರ ನೋಡುವುದು ಬೇಡ, ಇಷ್ಟು ಕೆಳಗಿನ ತಾಪ ಅದರಲ್ಲಿ ಕಾಣದು. ನೆರಳಲ್ಲಿ ಅದು ಎಷ್ಟು ತೋರಿಸುತ್ತದೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಅದರ ತುದಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಐದು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ. ಅಂಕಿ ಇಳಿದು ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮೂರಿನಲ್ಲಿ ಆ ಹೊತ್ತಿನ ಮಿತಿ. ಯಾವ ಮಡಕೆಯೂ ಅದಕ್ಕಿಂತ ಕೆಳಗೆ ಇಳಿಸಲಾರದು.

ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ 20 ಇದ್ದರೆ ಒದ್ದೆ ಬಟ್ಟೆ ಸುಮಾರು 23 ಡಿಗ್ರಿ ತೋರಿಸುತ್ತದೆ. ಕರಾವಳಿಯಲ್ಲಿ 34 ಡಿಗ್ರಿ, ಶೇ 70 ತೇವಾಂಶ ಇದ್ದಾಗ ಅದು 29ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಬೆವರು ಆರದೆ ಮೈಮೇಲೆ ಇಳಿಯುವುದೂ ಇದೇ ಕಾರಣಕ್ಕೆ. ಐದು ಡಿಗ್ರಿಗಿಂತ ಕಡಿಮೆ ಇಳಿದರೆ ಈ ಶ್ರಮ ಬೇಡ ಎಂದೇ ಹೇಳುತ್ತೇನೆ. ಬಯಲುಸೀಮೆಯವರು ಮುಂದೆ ಓದಿ.

ಜೋಡಿ ಮಡಕೆ ಕಟ್ಟುವ ಬಗೆ

1. ಸಂತೆಯಲ್ಲೋ ಕುಂಬಾರರ ಮನೆಯಲ್ಲೋ ಎರಡು ಮಡಕೆ ಆರಿಸಿ. ಎರಡಕ್ಕೂ ಬಾಯಿ ಅಗಲವಾಗಿರಲಿ. ದೊಡ್ಡದರೊಳಗೆ ಸಣ್ಣದನ್ನು ಇಟ್ಟಾಗ ಸುತ್ತಲೂ ಮೂರು ಬೆರಳು ಸಂದು ಉಳಿಯಬೇಕು. ಬಣ್ಣ ಬಳಿದದ್ದು, ಹೊಳಪು ಹಚ್ಚಿದ್ದು ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ; ನೀರು ಜಿನುಗಿ ಆರಬೇಕಾದ ಅದರ ರಂಧ್ರಗಳು ಮುಚ್ಚಿರುತ್ತವೆ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಹೊರಮೈ ಮುಟ್ಟಿ ನೋಡಿ. ಕೈಗೆ ತೇವ ಹತ್ತಿದರೆ ಮಡಕೆ ಒಳ್ಳೆಯದು.

2. ದೊಡ್ಡ ಮಡಕೆಯನ್ನು ಮೂರು ಇಟ್ಟಿಗೆಗಳ ಮೇಲೆ ಕೂರಿಸಿ. ಅಡಿಭಾಗಕ್ಕೂ ಗಾಳಿ ತಾಗಬೇಕು.

3. ತಳಕ್ಕೆ ತೊಳೆದ ಮರಳು ಹಾಕಿ. ಸಣ್ಣ ಮಡಕೆ ಇಟ್ಟಾಗ ಎರಡರ ಬಾಯಿಯೂ ಒಂದೇ ಮಟ್ಟಕ್ಕೆ ಬರಲಿ. ಸುತ್ತಲಿನ ಸಂದಿಗೂ ಮರಳು ತುಂಬಿ, ಮೇಲೆ ಒಂದು ಬೆರಳು ಬಿಡಿ.

4. ಮರಳಿಗೆ ನಿಧಾನವಾಗಿ ನೀರು ಹಾಕಿ. ಒಮ್ಮೆಲೇ ಸುರಿದರೆ ಖಾಲಿ ಮಡಕೆ ತೇಲಿ ಓರೆಯಾಗುತ್ತದೆ. ನೀರು ಹಾಕುವಾಗ ಅದರೊಳಗೆ ಒಂದು ಕಲ್ಲು ಇಟ್ಟಿರಿ.

5. ಒದ್ದೆ ಗೋಣಿತಾಟನ್ನು ಬಾಯಿಗೆ ಮುಚ್ಚಿ, ಗಾಳಿಯಾಡುವ ನೆರಳಿನ ಜಗುಲಿಯಲ್ಲಿಡಿ.

ಮುಚ್ಚಿದ ಕೋಣೆಯ ಮೂಲೆಯಲ್ಲಿ ಇಟ್ಟರೆ ಅಲ್ಲಿನ ಗಾಳಿ ತೇವ ಕುಡಿದು ಕುಡಿದು ಸಾಕಾಗಿ, ನೀರು ಆರುವುದು ನಿಲ್ಲುತ್ತದೆ. ಕಿಟಕಿ ಹಾಕಿಕೊಂಡು ಏರ್ ಕೂಲರ್ ಓಡಿಸುವ ಮನೆಗಳಲ್ಲಿ ಮೈ ಜಿಗಟಾಗುವುದೂ ಹೀಗೆಯೇ. ಬೆಳಿಗ್ಗೆ, ಸಂಜೆ ಮರಳಿಗೆ ನೀರುಣಿಸಿ. ಮೊದಲ ದಿನ ಏನೂ ಇಡದೆ ತಣಿಯಲು ಬಿಡಿ.

ಟೊಮೆಟೊ, ಕ್ಯಾರೆಟ್, ಬದನೆ, ಕೊತ್ತಂಬರಿ, ಸೊಪ್ಪು ಇದರಲ್ಲಿ ಚೆನ್ನಾಗಿ ಉಳಿಯುತ್ತವೆ. ತಂಪಿನಷ್ಟೇ ಒಳಗಿನ ತೇವವೂ ಸೊಪ್ಪು ಬಾಡದಂತೆ ಕಾಯುತ್ತದೆ. ಈರುಳ್ಳಿ, ಬೆಳ್ಳುಳ್ಳಿಗೆ ಆ ತೇವವೇ ಶತ್ರು, ಅವು ಹೊರಗಿರಲಿ. ಹಾಲು, ಮಾಂಸ, ಉಳಿದ ಅನ್ನಕ್ಕೆ ಇದನ್ನು ನಂಬಲೇಬೇಡಿ. 20 ಡಿಗ್ರಿ ದಾಟಿದ ತಾಪ ಅವುಗಳನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಹಿತವಾಗಿಯೇ ಇರುತ್ತದೆ.

ಈ ಜೋಡಿ ಮಡಕೆಯನ್ನು ನೈಜೀರಿಯಾದ ಒಣ ಉತ್ತರ ಭಾಗದ ಹಳ್ಳಿಗಳಿಗೆ ತಲುಪಿಸಿದವರು ಮೊಹಮ್ಮದ್ ಬಾ ಅಬ್ಬಾ ಎಂಬ ಶಿಕ್ಷಕರು. ಅವರ ಪ್ರಯೋಗದಲ್ಲಿ ಮೂರು ದಿನಕ್ಕೆ ಬಾಡುತ್ತಿದ್ದ ಬದನೆಕಾಯಿ 27 ದಿನ ಉಳಿಯಿತು. ಆ ಕೆಲಸಕ್ಕೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಸಿಕ್ಕಿತು. ಬುಟ್ಟಿಗಟ್ಟಲೆ ತರಕಾರಿ ಇರುವ ರೈತರಿಗೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ತಂಪುಕೋಣೆ ಹೆಚ್ಚು ಅನುಕೂಲ. ಎರಡು ಸಾಲು ಇಟ್ಟಿಗೆ ಗೋಡೆ, ನಡುವೆ ಸುಮಾರು 7.5 ಸೆಂಟಿಮೀಟರ್ ಸಂದಿನಲ್ಲಿ ಒದ್ದೆ ಮರಳು. ತತ್ವ ಮಾತ್ರ ಇದೇ.

ಕೊನೆಗೆ ಬೋರ್‌ವೆಲ್ ನೀರಿನ ತಾಪತ್ರಯ. ಬಯಲುಸೀಮೆಯ ಗಡಸು ನೀರು ಆರಿದಾಗ ಅದರ ಲವಣ ಹೊರಮೈಯಲ್ಲಿ ಬಿಳಿ ಪುಡಿಯಾಗಿ ಉಳಿದು ರಂಧ್ರ ಕಟ್ಟುತ್ತದೆ. ಹಳೆಯ ಮಡಕೆಯ ನೀರು ಹೊಸದರಷ್ಟು ತಂಪಾಗದಿರಲು ಇದೂ ಕಾರಣ. 15 ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ, ಸೋಪು ಬೇಡ. ಮುಂಗಾರು ಹಿಡಿದ ಮೇಲೆ ಗಾಳಿಯೇ ಒದ್ದೆಯಾಗಿರುತ್ತದೆ. ಆಗ ಮರಳು ಬಸಿದು ಒಣಗಿಸಿ, ಮಡಕೆಗಳನ್ನು ಬಿಸಿಲು ಕಂಡ ದಿನ ಬೋರಲು ಹಾಕಿ ಆರಿಸಿ, ಸಿಂಬಿಯ ಮೇಲೆ ಎತ್ತಿಡಿ.