ಇಕೋಬೂಸ್ಟ್ ವೆಟ್ ಬೆಲ್ಟ್: ಗುಜರಿ ಅಂದ ಇಂಜಿನ್ ಓಡಿಸಿದ ಕಥೆ

"ಅದರ ಇಂಜಿನ್ ಹೋಗಿದೆ, ಗುಜರಿಗೆ ಹಾಕು" ಅಂದವರೆಲ್ಲ ನಮ್ಮ ತುಮಕೂರಿನ ಮೇಸ್ತ್ರಿಗಳೇ. ರಿಪೇರಿ ಆದಮೇಲೆ ಅದೇ ಕಾರು ನಲವತ್ತು ಸಾವಿರ ಕಿಲೋಮೀಟರ್ ದಾಟಿದೆ, ಆಯಿಲ್ ಲೈಟ್ (ಆಯಿಲ್ ಒತ್ತಡ ಇಳಿದರೆ ಹತ್ತುವ ದೀಪ) ಒಂದು ಸಲವೂ ಮಿಣುಕಿಲ್ಲ. ಹಾಗಾಗಿ ಸ್ವಲ್ಪ ಜಂಬದಲ್ಲೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಕಾರು 2013ರ ಫೋರ್ಡ್ ಇಕೋಸ್ಪೋರ್ಟ್, ಒಂದು ಲೀಟರ್ ಇಕೋಬೂಸ್ಟ್, ಅಂದರೆ ಫೋರ್ಡ್‌ನ ಟರ್ಬೊ ಪೆಟ್ರೋಲ್ ಇಂಜಿನ್. ಮೂರು ಸಿಲಿಂಡರ್, 125 ಪಿಎಸ್, 170 ಎನ್‌ಎಂ. 2012, 13, 14 ಮೂರು ವರ್ಷವೂ 'ಇಂಟರ್‌ನ್ಯಾಷನಲ್ ಇಂಜಿನ್ ಆಫ್ ದಿ ಇಯರ್' ಗೆದ್ದ ಇಂಜಿನ್ ಇದು. ಕಾರನ್ನು ನಾನು ಕೊಂಡದ್ದು 1.2 ಲಕ್ಷಕ್ಕೆ. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ತಯಾರಿಸೋದು ನಿಲ್ಲಿಸ್ತೀವಿ ಅಂದಮೇಲೆ ಜನ ಹೆದರಿ ಮಾರುತ್ತಿದ್ದ ಕಾಲ. ಹಳೇ ಓನರ್ ಬೆಂಗಳೂರಿನವರು. ಮನೆಯಿಂದ ಆಫೀಸಿಗೆ ಐದಾರು ಕಿಲೋಮೀಟರ್, ಅದೂ ಸಿಗ್ನಲ್‌ನಲ್ಲಿ ನಿಂತು ನಿಂತು. ಓಡಿದ್ದು ಸುಮಾರು 85 ಸಾವಿರ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಲೈಟ್ ಮಿಣುಕುತ್ತಿತ್ತು. ಒಂದು ವರ್ಕ್‌ಶಾಪ್‌ನವರು ಬಿಚ್ಚಿಯೂ ನೋಡದೆ ಹೊಸ ಇಂಜಿನ್‌ಗೆ ಮೂರೂವರೆ ಲಕ್ಷ ಅಂದಿದ್ದರಂತೆ.

ಈ ಇಂಜಿನ್‌ನ ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್‌ನಿಂದ ವಾಲ್ವ್ ತೆರೆಯುವ ಕ್ಯಾಮ್ ತಿರುಗಿಸುವ ಬೆಲ್ಟ್) ಆಯಿಲ್ ಒಳಗೇ ಓಡುತ್ತದೆ, ಅದಕ್ಕೇ ವೆಟ್ ಬೆಲ್ಟ್ ಅನ್ನೋದು, ಆಯಿಲ್ ಪಂಪ್‌ಗೆ ಇನ್ನೊಂದು ಬೆಲ್ಟ್, ಅದೂ ಆಯಿಲ್ ಒಳಗೇ. ಕಂಪನಿ ಲೆಕ್ಕದಲ್ಲಿ ಟೈಮಿಂಗ್ ಬೆಲ್ಟ್ ಆಯಸ್ಸು 10 ವರ್ಷ ಅಥವಾ 2.4 ಲಕ್ಷ ಕಿಲೋಮೀಟರ್. ಅದು ಹೈವೇಯಲ್ಲಿ ಓಡುವ ಕಾರಿಗೆ ಸರಿ. ಸಿಟಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ, ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಪಿಸ್ಟನ್ ರಿಂಗ್ ದಾಟಿ ಸಂಪ್‌ಗೆ (ಇಂಜಿನ್ ಅಡಿಯ ಆಯಿಲ್ ತಟ್ಟೆಗೆ) ಇಳಿಯುತ್ತದೆ, ಪೆಟ್ರೋಲ್ ಬೆರೆತ ಆಯಿಲ್‌ನಲ್ಲಿ ನೆಂದು ನೆಂದು ಬೆಲ್ಟ್‌ನ ರಬ್ಬರ್ ಕಿತ್ತುಬರುತ್ತದೆ. ಆ ಚೂರು ಹೋಗಿ ಕೂರುವುದು ಪಿಕಪ್ ಪೈಪಿನ, ಅಂದರೆ ಪಂಪ್ ಆಯಿಲ್ ಎಳೆದುಕೊಳ್ಳುವ ಪೈಪಿನ ಜಾಲರಿಯಲ್ಲಿ. ಪಂಪ್ ಚೆನ್ನಾಗಿಯೇ ಇರುತ್ತದೆ, ಆಯಿಲೂ ಇರುತ್ತದೆ, ಎಳೆದುಕೊಳ್ಳೋಕೆ ದಾರಿ ಇರಲ್ಲ ಅಷ್ಟೇ.

ನಾನು ನೇರ ಸಂಪ್ ಬಿಚ್ಚೋಣ ಅಂದೆ. ನಮ್ಮ ಪಾರ್ಟ್‌ನರ್ ಮೊದಲು ಆಯಿಲ್ ಒತ್ತಡದ ಸೆನ್ಸರ್ ಬದಲಿಸೋಣ ಅಂದ. ಎರಡು ಸಾವಿರ ಹೋಯ್ತು, ಲೈಟ್ ಹೋಗಲಿಲ್ಲ. ಆಮೇಲೆ ಪಕ್ಕದ ಗ್ಯಾರೇಜಿನವರ ಸಲಹೆ, ದಪ್ಪ ಆಯಿಲ್ ಹಾಕಿ ಅಂತ. 15ಡಬ್ಲ್ಯು-40 ಹಾಕಿದ ಮೇಲೆ ಒಂದೆರಡು ವಾರ ಲೈಟ್ ಬರಲಿಲ್ಲ, ಎಲ್ಲರೂ ಗೆದ್ದೆವು ಅಂದುಕೊಂಡರು. ಆದರೆ ಬೆಳಿಗ್ಗೆ ಕೋಲ್ಡ್ ಸ್ಟಾರ್ಟ್‌ನಲ್ಲಿ ಟಕಟಕ ಶಬ್ದ ಶುರುವಾಯ್ತು. ಮುಚ್ಚಿದ ಜಾಲರಿಯಲ್ಲಿ ದಪ್ಪ ಆಯಿಲ್ ಹೇಗೆ ತಾನೇ ಏರುತ್ತೆ, ಅಲ್ವಾ? ಕೊನೆಗೆ ಫ್ಲಶ್ ಡಬ್ಬಿ, ಇಂಜಿನ್ ಒಳಗೆ ತೊಳೆಯೋಕೆ ಆಯಿಲ್‌ಗೆ ಬೆರೆಸುವ ದ್ರವ. ಅದು ಇನ್ನೂ ಕೆಟ್ಟದ್ದು. ಗೋಡೆಗೆ ಅಂಟಿದ್ದ ಕಸವನ್ನೆಲ್ಲ ಸಡಿಲಿಸಿ ಜಾಲರಿಗೇ ತಂದು ಕೂರಿಸಿತು, ಲೈಟ್ ಮಿಣುಕೋದು ಬಿಟ್ಟು ಉರಿಯೋಕೇ ಶುರುವಾಯ್ತು. ವೆಟ್ ಬೆಲ್ಟ್ ಇಂಜಿನ್‌ಗೆ ಫ್ಲಶ್ ಹಾಕುವವರು ಸಂಪ್ ಬಿಚ್ಚೋಕೆ ಸಿದ್ಧರಿದ್ದರೆ ಮಾತ್ರ ಹಾಕಿ.

ಸಂಪ್ ಸೀಲೆಂಟ್ ಮೇಲೆ ಕೂತಿರುತ್ತದೆ, ಅಲ್ಯೂಮಿನಿಯಂ, ಮೀಟಿದರೆ ಮುಖ ಹಾಳು. ನಿಧಾನವಾಗಿ ಬ್ಲೇಡ್ ಆಡಿಸಿ ಬಿಡಿಸಬೇಕು. ಒಳಗೆ ಜಾಲರಿ ನೋಡಿದರೆ ಟೀ ಸೋಸಿದ ಜರಡಿ ಹಾಗೇ ಇತ್ತು, ಮುಕ್ಕಾಲು ಪಾಲು ಕಪ್ಪು ನಾರು. ಪಂಪ್ ಬೆಲ್ಟ್ ಕೆಳಗಿನಿಂದಲೇ ಕಾಣುತ್ತದೆ, ಅದರ ಅಂಚು ಎಳೆ ಎಳೆಯಾಗಿತ್ತು. ಜಾಲರಿ ತೊಳೆದು ಆಯಿಲ್ ಒತ್ತಡ ನೋಡೋಕೆ ಮೆಕ್ಯಾನಿಕಲ್ ಗೇಜ್ ಹಾಕಿದೆ. ಮೊದಲು ಬಿಸಿ ಐಡಲ್‌ನಲ್ಲಿ ಅರ್ಧ ಬಾರ್ ಆಸುಪಾಸು ಇದ್ದದ್ದು ಒಂದೂವರೆಗೆ ಬಂತು. ಬೇರಿಂಗ್ ಉಳಿದಿದೆ ಅಂತ ಗೊತ್ತಾದದ್ದು ಆಗ. ಅವತ್ತೇ ಬೆಲ್ಟ್‌ಗೆ ಆರ್ಡರ್ ಹಾಕಿದೆ.

ಜೆ.ಸಿ. ರೋಡ್ ಪೂರ್ತಿ ಸುತ್ತಿದೆ, ಸಿಗಲಿಲ್ಲ. ಶಿವಾಜಿನಗರದಲ್ಲಿ ಒಬ್ಬರು ಹಳೇ ಇಂಜಿನ್‌ನಿಂದ ಬಿಚ್ಚಿದ ಬೆಲ್ಟ್ ಕೊಡ್ತೀನಿ ಅಂದರು, ಕೈ ಮುಗಿದು ಬಂದೆ. ಕೊನೆಗೆ ಯುರೋಪಿನಿಂದ ತರಿಸಿದೆ. ಎರಡೂ ಬೆಲ್ಟ್, ಟೆನ್ಷನರ್, ಕಸ್ಟಮ್ಸ್ ಸೇರಿ 38 ಸಾವಿರ. ಕ್ರ್ಯಾಂಕ್ ಬೋಲ್ಟ್, ಸೀಲ್‌ಗಳು ಆರು ಸಾವಿರ. ಲಾಕಿಂಗ್ ಟೂಲ್ ಕಿಟ್ (ಬೆಲ್ಟ್ ಬದಲಿಸುವಾಗ ಕ್ರ್ಯಾಂಕ್, ಕ್ಯಾಮ್ ಅಲುಗದಂತೆ ಹಿಡಿಯೋಕೆ) ಒಂಬತ್ತು ಸಾವಿರ. ಮೌಂಟ್, ಪ್ಲಗ್, ಆಯಿಲ್, ಕೂಲೆಂಟ್ ಎಲ್ಲ ಹಾಕಿದರೆ ಎಂಬತ್ತೈದು-ತೊಂಬತ್ತು ಸಾವಿರ ಆಗಿರಬೇಕು. ಕಾರೂ ಸೇರಿ ಎರಡು ಲಕ್ಷ ಚಿಲ್ಲರೆ. ಮೂರೂವರೆ ಲಕ್ಷದ ಇಂಜಿನ್ ಎಲ್ಲಿ, ಇದೆಲ್ಲಿ.

ಕೆಲಸ ಗೊತ್ತಿರುವವರಿಗೆ ಎರಡೇ ಮಾತು. ಕ್ರ್ಯಾಂಕ್‌ನಲ್ಲಿ ಕೀ (ಪುಲ್ಲಿ ಜಾರದಂತೆ ತಡೆಯುವ ಕಬ್ಬಿಣದ ತುಂಡು) ಇಲ್ಲ, ಬೋಲ್ಟ್‌ನ ಬಿಗಿತವೇ ಎಲ್ಲವನ್ನೂ ಹಿಡಿದಿರುವುದು. ಪಿನ್, ಕ್ಯಾಮ್ ಲಾಕ್ ಇಲ್ಲದೆ, ಮಾರ್ಕ್ ನಂಬಿ ಕೈಹಾಕಿದರೆ ವಾಲ್ವ್ ಬಾಗುತ್ತದೆ. ಎರಡನೆಯದು ಪುಲ್ಲಿ. ಇದರಲ್ಲಿ ಬ್ಯಾಲೆನ್ಸ್ ಶಾಫ್ಟ್ ಇಲ್ಲ, ಮೂರು ಸಿಲಿಂಡರ್‌ನ ನಡುಕ ತಗ್ಗಿಸೋಕೆ ಪುಲ್ಲಿ, ಫ್ಲೈವೀಲ್ ಎರಡರಲ್ಲೂ ಬೇಕಂತಲೇ ತೂಕದ ವ್ಯತ್ಯಾಸ ಇಟ್ಟಿದ್ದಾರೆ. ಪುಲ್ಲಿ ಅದೇ ಜಾಗಕ್ಕೆ ಕೂರದಿದ್ದರೆ ಇಡೀ ಕಾರು ನಡುಗುತ್ತದೆ. ಆ ಇಕ್ಕಟ್ಟಿನಲ್ಲಿ ಕ್ರ್ಯಾಂಕ್ ಬೋಲ್ಟ್‌ಗೆ ಕೊನೇ ಆಂಗಲ್ (ಬಿಗಿದ ಮೇಲೆ ಇನ್ನಷ್ಟು ಡಿಗ್ರಿ ತಿರುಗಿಸೋದು) ಹೇಗೆ ಕೊಟ್ಟೆ ಅನ್ನೋದು ಮಾತ್ರ ಕೇಳಬೇಡಿ. ಅದಕ್ಕೆ ನಾನೇ ಒಂದು ತುಂಡು ಬೆಸುಗೆ ಹಾಕಿಸಿಕೊಂಡಿದ್ದೇನೆ, ಫೋಟೋ ಹಾಕಲ್ಲ.

ಮಧ್ಯದಲ್ಲಿ ಇನ್ನೊಂದು ಕಿತಾಪತಿ. ಇನ್‌ಟೇಕ್ ಬಿಚ್ಚಿದಾಗ ವಾಲ್ವ್ ಹಿಂದೆ ಗಟ್ಟಿ ಕಾರ್ಬನ್. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ವಾಲ್ವ್ ತೊಳೆಯೋಕೆ ಪೆಟ್ರೋಲ್ ಬರೋದೇ ಇಲ್ಲವಲ್ಲ. ಇದಕ್ಕೆ ಎಲ್ಲರೂ ಅಕ್ರೋಟ್ ಚಿಪ್ಪಿನ ಪುಡಿ ಹೊಡೆಯುತ್ತಾರೆ, ಅದು ದುಬಾರಿ. ನಮ್ಮದು ತೆಂಗಿನ ಜಿಲ್ಲೆ, ತಿಪಟೂರು ಕಡೆಯಿಂದ ತೆಂಗಿನ ಚಿಪ್ಪಿನ ಪುಡಿ ತರಿಸಿ ಜರಡಿ ಹಿಡಿದು ಬ್ಲಾಸ್ಟಿಂಗ್ ಗನ್‌ಗೆ ತುಂಬಿದೆ. ಮೂಟೆಗೆ ಪುಡಿಗಾಸು. ಕಾರ್ಬನ್ ಬಂತು, ಸುಳ್ಳಲ್ಲ. ಆದರೆ ಧೂಳು ಜಾಸ್ತಿ, ವ್ಯಾಕ್ಯೂಮ್ ಫಿಲ್ಟರ್ ಪದೇ ಪದೇ ಕಟ್ಟಿಕೊಂಡಿತು. ಕೊನೇ ಸಿಲಿಂಡರ್ ಅಕ್ರೋಟಲ್ಲೇ ಮುಗಿಸಿದೆ. ಒಂದೇ ಅಳತೆಯ ಕಾಳು ಸಿಕ್ಕರೆ ಇನ್ನೊಮ್ಮೆ ನೋಡಬೇಕು.

ಈಗ ಆಯಿಲ್ ಬದಲಿಸೋದು 5 ಸಾವಿರ ಕಿಲೋಮೀಟರ್‌ಗೆ ಅಥವಾ ಆರು ತಿಂಗಳಿಗೆ, ಕಂಪನಿ ಹೇಳಿದ 5ಡಬ್ಲ್ಯು-20, ಡಬ್ಬಿ ಮೇಲೆ ಫೋರ್ಡ್‌ನ ಆಯಿಲ್ ಸ್ಪೆಕ್ ಡಬ್ಲ್ಯುಎಸ್‌ಎಸ್-ಎಂ2ಸಿ948-ಬಿ ಅಂತ ಇರಲೇಬೇಕು. ವಾರಕ್ಕೊಮ್ಮೆ ಸಿರಾ ತನಕ ಒಂದೇ ಸಮನೆ ಓಡಿಸಿಕೊಂಡು ಬರುತ್ತೇನೆ. ಸಿಟಿಯಲ್ಲಿ ಓಡಿಸಿದ ವಾರ ಡಿಪ್‌ಸ್ಟಿಕ್‌ನಲ್ಲಿ ಲೆವೆಲ್ ತುಸು ಏರಿರುತ್ತದೆ, ಪೆಟ್ರೋಲ್ ವಾಸನೆಯೂ ಬರುತ್ತದೆ. ಸಿರಾಗೆ ಹೋಗಿಬಂದರೆ ಎರಡೂ ಇಳಿದಿರುತ್ತವೆ. ಇಪ್ಪತ್ತೈದು ಸಾವಿರದ ಹತ್ತಿರ ಮತ್ತೆ ಸಂಪ್ ಬಿಚ್ಚಿದ್ದೆ, ಜಾಲರಿ ಸ್ವಚ್ಛ. ಇ20 ಪೆಟ್ರೋಲ್ (20% ಎಥೆನಾಲ್ ಬೆರೆತದ್ದು) ಬಂದಮೇಲೆ ಮೈಲೇಜ್ ಲೀಟರಿಗೆ ಒಂದು ಕಿಲೋಮೀಟರ್ ಇಳಿದಿದೆ, ಪಿಕಪ್ ಹಾಗೇ ಇದೆ.

"ಬೆಲ್ಟ್‌ನದ್ದು ಕಟ್ಟುಕಥೆ, ನೀನು ಓವರ್ ಮಾಡ್ತೀಯ" ಅನ್ನುತ್ತಿದ್ದವರಿಗೆ 2023ರ ಕೊನೆಗೆ ಅಮೆರಿಕದಿಂದಲೇ ಉತ್ತರ ಬಂತು. ಇದೇ ಒಂದು ಲೀಟರ್ ಇಂಜಿನ್‌ನ ಫೋಕಸ್, ಇಕೋಸ್ಪೋರ್ಟ್ ಸೇರಿ ಸುಮಾರು 1.4 ಲಕ್ಷ ಕಾರುಗಳನ್ನು ಆಯಿಲ್ ಪಂಪ್ ಬೆಲ್ಟ್, ಟೆನ್ಷನರ್ ವಿಷಯಕ್ಕೇ ಫೋರ್ಡ್ ವಾಪಸ್ ಕರೆಸಿತು. ಅದಾದ ಮೇಲೆ ಪಕ್ಕದ ಗ್ಯಾರೇಜಿನವರೇ 2018ರ ಇಕೋಸ್ಪೋರ್ಟ್ ಎಸ್ ಒಂದನ್ನು ನನ್ನ ಹತ್ತಿರ ಕಳಿಸಿದರು.

ಎರಡು ಬೆಲ್ಟ್, ಸಂಪ್ ಸೇರಿ ಲೇಬರ್ ಹದಿನೆಂಟು ಸಾವಿರ ತಗೊಳ್ಳುತ್ತೇನೆ. ಪಾರ್ಟ್ಸ್ ನೀವೇ ತರಿಸಿಕೊಂಡರೂ ಪರವಾಗಿಲ್ಲ, ಆಯಿಲ್ ಮಾತ್ರ ನಾನು ಹಾಕಿದ್ದೇ ಆಗಬೇಕು. ಟೂಲ್ ಕಿಟ್ ಬಾಡಿಗೆಗೆ ಇಲ್ಲ, ಸುಮ್ನೆ ಫೋನ್ ಮಾಡಬೇಡಿ.