ಶಾಲೆಯ ಜಗಲಿಯಲ್ಲಿ ಘಟ್ಟ: ನನ್ನ ಅನುಭವ

ಆರನೇ ಕ್ಲಾಸಿನವರಿಗೆ ಘಟ್ಟದ ಚಿತ್ರ ಬರೆಯಿರಿ ಎಂದರೆ ಸಮೋಸದಂಥ ಮೂರು ತ್ರಿಕೋನ, ನಡುವೆ ಸೂರ್ಯ. ಉಡುಪಿಯಲ್ಲಿ ಕೂತು ಹೀಗಾದರೆ ಹೇಗೆ? ಮಾದರಿ ಮಾಡಿಸುತ್ತೇನೆ ಎಂದೆ. "ಸುಮ್ನೆ ಮ್ಯಾಪ್ ತೋರಿಸಿ ಮುಗಿಸಿ ಮಾರಾಯ್ರೆ" ಎಂದರು ಹೆಡ್ಮಾಸ್ಟ್ರು.

ಮೊದಲ ವರ್ಷ ಥರ್ಮೋಕೋಲು. ಸಾವಿರದ ಎಂಟುನೂರೋ ಏನೋ ಆಯಿತು, ನನ್ನದೇ ಜೇಬಿನದ್ದು. ಚೆಂದ ಕಾಣಲಿ ಅಂತ ಹಸಿರು ಸ್ಪ್ರೇ ಪೇಂಟ್ ಹೊಡೆದೆ. ಥಿನ್ನರ್ ತಾಗಿದರೆ ಥರ್ಮೋಕೋಲು ಕರಗುತ್ತದೆ ಅಂತ ಹೊಳೆಯಲಿಲ್ಲ. ಕುದುರೆಮುಖ ಇದ್ದಲ್ಲಿ ಹೊಂಡ! ಮರುವರ್ಷ ಪೇಪರ್ ನೆನೆಸಿ ಮೈದಾ ಅಂಟಿನಲ್ಲಿ ಕಲಸಿದೆವು. ಖರ್ಚು ಇನ್ನೂರು ದಾಟಲಿಲ್ಲ, ಮಾದರಿ ಮಳೆಗಾಲದ ಆಟಿ ತಿಂಗಳನ್ನೂ ದಾಟಲಿಲ್ಲ. ಪೂರ್ತಿ ಬೂಸ್ಟು.

ಮೂರನೇ ಸಲ ಎರಡು ಗೋಣಿ ಆವೆಮಣ್ಣು, ಬಿರುಕು ಬಿಡದಂತೆ ಉಮಿ. ಇನ್ನೊಂದು ಸಾಮಾನು ಸೇರಿಸಿದ್ದೇನೆ, ಅದರಿಂದಲೇ ನೀರು ಹೊಯ್ದರೂ ಮಣ್ಣು ನಿಲ್ಲುವುದು. ಅದೇನೆಂದು ಬರೆಯುವುದಿಲ್ಲ. ಶಾಲೆಗೆ ಬನ್ನಿ, ಚಾ ಕುಡಿಯುತ್ತಾ ಹೇಳುತ್ತೇನೆ.

ಕಿಲೋಮೀಟರಿಗೆ 2 ಸೆಂಟಿಮೀಟರ್ ಹಿಡಿದೆವು. 1,890 ಚಿಲ್ಲರೆ ಮೀಟರಿನ ಕುದುರೆಮುಖ 4 ಸೆಂಟಿಮೀಟರ್ ಸಹ ಬರಲಿಲ್ಲ. "ಸರ್, ಇದು ಗದ್ದೆಯ ಹುಣಿ" (ಬದು) ಎಂದು ಮಕ್ಕಳು ನಕ್ಕರು. ಎತ್ತರ ಮಾತ್ರ ಐದು ಪಟ್ಟು ಮಾಡಿದೆವು. ಅದು ಸುಳ್ಳು ಎತ್ತರ ಅಂತ ಬೋರ್ಡಿನಲ್ಲೇ ಬರೆಸಿದೆ.

ದೊಡ್ಡ ತಪ್ಪು ಸಿಕ್ಕಿದ್ದು ಆಮೇಲೆ. ಆಚೆ ಬದಿಯನ್ನೂ ಕಡಿದಾಗಿ ಇಳಿಸುತ್ತಿದ್ದೆವು. ತೀರ್ಥಹಳ್ಳಿಯಲ್ಲಿ ಅಜ್ಜಿಮನೆ ಇರುವ ಹುಡುಗಿ, "ಆಗುಂಬೆ ಹತ್ತಿದ ಮೇಲೆ ಬಸ್ಸು ಹಾಗೆ ಇಳಿಯುವುದೇ ಇಲ್ಲ ಸರ್" ಎಂದಳು. ಹೌದಲ್ವಾ! ಆಗುಂಬೆ 650 ಮೀಟರ್ ಹತ್ತಿರ, ತೀರ್ಥಹಳ್ಳಿ 600ರ ಹತ್ತಿರ. ನಾವು ಹುಟ್ಟಿದಾಗಿನಿಂದ "ಘಟ್ಟದ ಮೇಲಿನವರು" ಅಂತಲೇ ಹೇಳುವುದು, ಪಾಠ ಮಾಡುವಾಗ ಮರೆತಿದ್ದೆ. ಕಟ್ಟಿದ್ದನ್ನೆಲ್ಲ ಒಡೆದು ಮೂಡಣ ಬದಿ ಎತ್ತರದಲ್ಲೇ ಬಿಟ್ಟೆವು, ಸ್ವಲ್ಪವೇ ಓರೆ.

ಆಮೇಲೆ ಮೂರು ನದಿ ಹುಟ್ಟುವ ಗಂಗಾಮೂಲದಲ್ಲಿ ಚೊಂಬಿನಿಂದ ನೀರು. ನೇತ್ರಾವತಿ ಕೆಂಪಾಗಿ ಮಂಗಳೂರಿಗೆ ಧುಮುಕಿತು. ತುಂಗೆ, ಭದ್ರೆ ನಿಧಾನಕ್ಕೆ ಮೂಡಣ ಕಡೆ. "ಇಷ್ಟು ಹತ್ತಿರ ಸಮುದ್ರ ಇಟ್ಟುಕೊಂಡು ಬಂಗಾಳ ಕೊಲ್ಲಿಗೆ ಯಾಕೆ ಸರ್?" ಎಂದ ಒಬ್ಬ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವನು ಓರೆಯ ಮೇಲೆ ಬೆರಳೆಳೆದು ತೋರಿಸಿದ. ಈಗ ಶಾಲೆಗೆ ಯಾರೇ ಬರಲಿ, ಹೆಡ್ಮಾಸ್ಟ್ರೇ ಚೊಂಬು ಹಿಡಿದು ನಿಲ್ಲುತ್ತಾರೆ.

ಹಾಗೇ ಮಳೆ ಅಳೆಯಲೂ ಹೊರಟೆವು. ಒಂದು ಬಾಟಲಿ ನಮ್ಮಲ್ಲಿ, ಇನ್ನೊಂದು ಆ ತೀರ್ಥಹಳ್ಳಿ ಅಜ್ಜಿಯ ಅಂಗಳದಲ್ಲಿ. ಒಂದು ವಾರ ಬಿಟ್ಟು ಕೇಳಿದರೆ ಅಲ್ಲಿ ಹನಿ ನೀರಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ತೊಳೆದು ಕವುಚಿ ಇಡುತ್ತಿದ್ದರಂತೆ.