ಇಲ್ಲಣ ಹಿಡಿದ ಲೆಗೋ: ನಾನು ತೊಳೆದು ಜೋಡಿಸುವ ಕ್ರಮ

ಲೆಗೋ ಎಂದರೆ ಒಂದಕ್ಕೊಂದು ಕೂರಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ. ಮಲೆನಾಡಿನ ಹಳೇ ಮನೆಗಳ ಅಟ್ಟದಿಂದ ಇಳಿಯುವ ಲೆಗೋ ಸಾಮಾನ್ಯವಾಗಿ ದೊಡ್ಡ ಸೆಟ್ ಆಗಿರುವುದಿಲ್ಲ. ಪರದೇಶದಿಂದ ಬಂದ ನೆಂಟರು ಸೂಟ್‌ಕೇಸಿನ ಸಂದಿಯಲ್ಲಿ ತುರುಕಿ ತಂದ ಪುಟ್ಟ ಡಬ್ಬಿ. ಒಂದು ಕಾರು, ಒಬ್ಬ ಡ್ರೈವರು, ಎಲ್ಲ ಸೇರಿ ಮೂವತ್ತು ನಲವತ್ತು ತುಂಡು. ರಟ್ಟಿನ ಡಬ್ಬಿ ಎಂದೋ ಒಲೆಗೆ ಹೋಗಿರುತ್ತದೆ. ತುಂಡುಗಳು ಬಿಸ್ಕತ್ ಡಬ್ಬದಲ್ಲಿ ಗೋಲಿ, ಅಂಗಿ ಗುಂಡಿ, ಸೋರಿದ ಸೆಲ್‌ಗಳ ಜೊತೆ ಬಿದ್ದಿರುತ್ತವೆ. ದೊಡ್ಡ ಕೋಟೆಯಲ್ಲಿ ಹತ್ತು ಇಟ್ಟಿಗೆ ಇಲ್ಲದಿದ್ದರೂ ನಡೆಯುತ್ತದೆ. ಇಂಥ ಕಾರಿನಲ್ಲಿ ಸ್ಟೀರಿಂಗ್ ಇಲ್ಲದಿದ್ದರೆ ಮುಗಿಯಿತು. ಅದಕ್ಕೇ ಡಬ್ಬವನ್ನು ನೇರವಾಗಿ ನೀರಿಗೆ ಸುರಿಯಬಾರದು. ಕೆಳಗೆ ಹಳೇ ಬಿಳಿ ಪಂಚೆ ಹಾಸಿ, ಜರಡಿಗೆ ಸುರಿದು ಅಲ್ಲಾಡಿಸುತ್ತೇನೆ. ಮಣ್ಣು, ಜಿರಲೆ ಹಿಕ್ಕೆ ಕೆಳಗೆ ಬೀಳುತ್ತದೆ. ಜೊತೆಗೇ ಒಂದು ಗುಬುಟಿನ (ತುಂಡಿನ ಮೇಲೆ ಉಬ್ಬಿರುವ ಗುಂಡನೆ ಮೊಟಕಿನ) ಹೆಡ್‌ಲೈಟ್ ತುಂಡೂ ಬೀಳಬಹುದು, ಬಿಳಿ ಪಂಚೆ ಇರುವುದು ಅದನ್ನು ಹೆಕ್ಕಲಿಕ್ಕೆ.

ಮುಂದಿನದು ಅಸಲಿ ನಕಲಿ ಬೇರೆ ಮಾಡುವುದು. ಲೆಗೋ ಆದರೆ ಪ್ರತಿ ಗುಬುಟಿನ ಮೇಲೂ ಹೆಸರು ಅಚ್ಚಾಗಿರುತ್ತದೆ. ಸವೆದು ಕಾಣದಿದ್ದರೆ ಅಳತೆ ನೋಡಿ: ಇಟ್ಟಿಗೆಯ ಎತ್ತರ 9.6 ಮಿ.ಮೀ., ಚಪ್ಪಟೆ ಪ್ಲೇಟಿನದು 3.2, ಗುಬುಟಿನಿಂದ ಗುಬುಟಿಗೆ 8. ಸ್ಕೂಲ್ ಸ್ಕೇಲಿನಲ್ಲಿ ಒಂದೇ ಇಟ್ಟಿಗೆ ಅಳೆದರೆ ವ್ಯತ್ಯಾಸ ತಿಳಿಯುವುದಿಲ್ಲ. ಐದನ್ನು ಒಂದರ ಮೇಲೊಂದು ಕೂರಿಸಿ, ಮೇಲಿನ ಗುಬುಟು ಬಿಟ್ಟು ಅಳೆಯಿರಿ, 48 ಮಿ.ಮೀ. ಬಂದರೆ ಸರಿ. ಒಳಗೆ ಕೊಳವೆ ಇರುವ ಈ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ, ಡೆನ್ಮಾರ್ಕಿನಲ್ಲಿ. ಜೋಡಣೆಯ ಅಳತೆ ಅಂದಿನಿಂದ ಬದಲಾಗಿಲ್ಲವಾದ್ದರಿಂದ ಕಳೆದುಹೋದ ತುಂಡಿನ ಜಾಗಕ್ಕೆ ಇವತ್ತಿನದೂ ಕೂರುತ್ತದೆ. ಬಣ್ಣದ್ದು ಮಾತ್ರ ಎಚ್ಚರ. 2004ರ ಹೊತ್ತಿಗೆ ಬೂದುಬಣ್ಣವನ್ನೇ ಬದಲಿಸಿದರು. ಹೊಸದರಲ್ಲಿ ನೀಲಿ ಛಾಯೆ ಇದೆ. ಹಳೇ ಬೂದು ಪ್ಲೇಟಿನ ಪಕ್ಕ ಹೊಸದನ್ನಿಟ್ಟರೆ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ.

ಗೊಂಬೆಯ ಮುಖದಿಂದಲೂ ಕಾಲ ಅಂದಾಜಾಗುತ್ತದೆ. ಕೈಕಾಲು ಆಡುವ ಗೊಂಬೆ ಬಂದದ್ದು 1978ರಲ್ಲಿ. ಎರಡು ಚುಕ್ಕೆ ಕಣ್ಣು, ಒಂದು ನಗು, ಅಷ್ಟೇ. ಗಡ್ಡ ಮೀಸೆ, ಕಣ್ಣುಪಟ್ಟಿ ಎಲ್ಲ 1989ರ ಕಡಲ್ಗಳ್ಳರ ಸರಣಿಯಿಂದ ಈಚೆಗೆ.

ತೊಳೆಯುವಾಗ ಹೆಚ್ಚಿನವರು ಮಾಡುವ ತಪ್ಪು ಬಚ್ಚಲ ಹಂಡೆಯ ಬಿಸಿನೀರು ಸುರಿಯುವುದು. ನೀರು 40 ಡಿಗ್ರಿ ದಾಟಬಾರದು, ಅಂದರೆ ಕೈ ಮುಳುಗಿಸಿ ಆರಾಮಾಗಿ ಇಡುವಷ್ಟು ಬೆಚ್ಚಗೆ. ಹೆಚ್ಚಾದರೆ ಮೊದಲು ಸೊಟ್ಟಗಾಗುವುದು ಎಲ್ಲದರ ಅಡಿಗೆ ಹಾಸುವ ತೆಳುವಾದ ಬೇಸ್‌ಪ್ಲೇಟ್. ಎರಡು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದು ಟೀ ಚಮಚ. ಬರೀ ಧೂಳಾದರೆ ಅರ್ಧ ಗಂಟೆ ಸಾಕು. ಅಡುಗೆಮನೆ ಮೇಲಿನ ಅಟ್ಟದಲ್ಲಿದ್ದು ಇಲ್ಲಣ, ಅಂದರೆ ಒಲೆ ಹೊಗೆಯ ಮಸಿ, ಹಿಡಿದಿದ್ದರೆ ಅದರಲ್ಲಿ ಎಣ್ಣೆಜಿಡ್ಡೂ ಇರುತ್ತದೆ, ಒಂದು ರಾತ್ರಿ ನೆನೆಯಬೇಕು. ಆಮೇಲೆ ಮಕ್ಕಳ ಮೆತ್ತನೆ ಹಲ್ಲುಜ್ಜುವ ಬ್ರಷ್. ಪಾತ್ರೆ ತಿಕ್ಕುವ ಪುಡಿ ಬೇಡ, ಹೊಳಪು ಹೋಗುತ್ತದೆ. ನೇಲ್‌ಪಾಲಿಶ್ ರಿಮೂವರ್, ಥಿನ್ನರ್ ಹತ್ತಿರಕ್ಕೂ ತರಬೇಡಿ, ಈ ಇಟ್ಟಿಗೆಗಳನ್ನು ಮಾಡುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಅದರಲ್ಲಿ ಕರಗುತ್ತದೆ. ಗಾಜಿನಂಥ ತುಂಡುಗಳನ್ನು ಬೇರೆ ಬಟ್ಟಲಲ್ಲಿ ತೊಳೆಯುತ್ತೇನೆ. ಉಳಿದವುಗಳ ಜೊತೆ ಉಜ್ಜಿದರೆ ಗೀರು ಖಂಡಿತ. ಸ್ಟಿಕ್ಕರ್ ಇರುವುದಕ್ಕೆ ಒದ್ದೆ ಬಟ್ಟೆ ಮಾತ್ರ. ಗೊಂಬೆಯ ತೋಳು ಕೀಳಬೇಡಿ, ಕಂಕುಳ ಹತ್ತಿರ ಎದೆಭಾಗ ಸೀಳುತ್ತದೆ.

ತೊಳೆದದ್ದನ್ನೆಲ್ಲ ಪಂಚೆಗೆ ಸುರಿದು, ನಾಲ್ಕು ಮೂಲೆ ಒಟ್ಟಿಗೆ ಹಿಡಿದು ಅಂಗಳದಲ್ಲಿ ನಿಂತು ಹತ್ತು ಸುತ್ತು ಬೀಸಿದರೆ ಕೊಳವೆಯೊಳಗಿನ ನೀರು ಹೊರಗೆ ಬರುತ್ತದೆ. ನಂತರ ಮೊರದಲ್ಲಿ ಹರವಿ ನೆರಳಲ್ಲಿ ಎರಡು ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೇ ಕೈಹಾಕುವುದಿಲ್ಲ. ಚಿಕ್ಕಮಗಳೂರಿನ ಆ ಗಾಳಿಯಲ್ಲಿ ಒಣಗಿತು ಅಂದುಕೊಂಡದ್ದರ ಒಳಗೆ ವಾರದಲ್ಲಿ ಬೂಸ್ಟು ಬಂದಿರುತ್ತದೆ.

ಇನ್ನು ಹಳದಿ ಬಣ್ಣದ ಕಥೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಎಬಿಎಸ್‌ನಲ್ಲಿರುವ ಬ್ಯುಟಾಡೈನ್ ಎಂಬ ರಬ್ಬರಿನಂಥ ಅಂಶ ಆಮ್ಲಜನಕದ ಜೊತೆ ಸೇರಿ ಹಳದಿಯಾಗುತ್ತದೆ. ಅದು ಕೊಳೆಯಲ್ಲ, ಎಷ್ಟು ಉಜ್ಜಿದರೂ ಹೋಗದು. ಬಿಳಿ, ಬೂದು, ನೀಲಿ ತುಂಡುಗಳಲ್ಲಿ ಎದ್ದು ಕಾಣುತ್ತದೆ. ಇದಕ್ಕೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು, ಶೇ. 6ರದ್ದು, ಬಾಟಲಿ ಮೇಲೆ 20 ವಾಲ್ಯೂಮ್ ಎಂದೂ ಬರೆದಿರುತ್ತದೆ. ನಲವತ್ತು ತುಂಡಿಗೆ 400 ಮಿ.ಲೀ. ಬೇಕಾಗುತ್ತದೆ. ಬ್ಯೂಟಿ ಪಾರ್ಲರಿನ ಕ್ರೀಮ್ ರೂಪದ್ದು ಬೇಡ, ಹಚ್ಚಿದಲ್ಲಿ ದಪ್ಪ ತೆಳು ಆಗಿ ಪಟ್ಟೆಪಟ್ಟೆ ಬರುತ್ತದೆ. ರಬ್ಬರ್ ಗ್ಲೌಸ್, ಕನ್ನಡಕ ಕಡ್ಡಾಯ.

ಅಗಲ ಗಾಜಿನ ಪಾತ್ರೆಯಲ್ಲಿ ತುಂಡು ಹರವಿ ಪೆರಾಕ್ಸೈಡ್ ಸುರಿದು ಬಿಸಿಲಿಗಿಡುವುದು. ಅರ್ಧ ಗಂಟೆಯಲ್ಲಿ ಸಣ್ಣ ಗುಳ್ಳೆಗಳು ತಳಕ್ಕೆ ಅಂಟಿ ತುಂಡುಗಳೆಲ್ಲ ದೋಣಿಯ ಹಾಗೆ ಮೇಲೇಳುತ್ತವೆ. ಹಾಗೇ ಬಿಟ್ಟರೆ ನೀರಿನ ಮಟ್ಟದಲ್ಲಿ ಒಂದು ಗೆರೆ ಬಿದ್ದು, ಮೇಲರ್ಧ ಬೇರೆ ಬಣ್ಣ, ಕೆಳಗರ್ಧ ಬೇರೆ. ಮೇಲೊಂದು ಗಾಜಿನ ತಟ್ಟೆ ಹೇರಿ ಮುಳುಗಿಸಿ, ಮುಕ್ಕಾಲು ಗಂಟೆಗೊಮ್ಮೆ ಮರದ ಕಡ್ಡಿಯಲ್ಲಿ ತಿರುವಿ. ಕಬ್ಬಿಣದ ಜಾಲರಿ, ಹಿತ್ತಾಳೆ ಚಮಚ ಬೇಡ, ಲೋಹ ತಗುಲಿದರೆ ಪೆರಾಕ್ಸೈಡ್ ಬೇಗ ಒಡೆದು ಸತ್ವ ಕಳೆದುಕೊಳ್ಳುತ್ತದೆ. ಬಿಗಿ ಮುಚ್ಚಳ ಹಾಕಿದರೆ ಆಮ್ಲಜನಕ ತುಂಬಿ ಸಿಡಿಯಬಹುದು.

ಜನವರಿ ಫೆಬ್ರವರಿ ಬಿಸಿಲಿಗೆ ನಾಲ್ಕರಿಂದ ಆರು ಗಂಟೆ. ಕಾಫಿ ಒಣಗಿಸುವ ಕಣದ ಮೂಲೆಯಷ್ಟು ಒಳ್ಳೇ ಜಾಗ ಇನ್ನೊಂದಿಲ್ಲ, ಆದರೆ ಪಾತ್ರೆಯನ್ನು ಸಿಮೆಂಟಿನ ಮೇಲೆ ನೇರ ಇಡಬೇಡಿ. ಕಾದ ಕಣದ ಬಿಸಿಗೆ ದ್ರವವೂ ಕಾದು ತುಂಡಿನ ಮೇಲೆ ಬಿಳಿ ಮೋಡದಂಥ ಕಲೆ ಬರುತ್ತದೆ; ನೀಲಿಯಲ್ಲಿ ಅದು ಬಂದರೆ ಮತ್ತೆ ಹೋಗುವುದಿಲ್ಲ. ಕೆಳಗೊಂದು ಗೋಣಿಚೀಲ ಮಡಿಸಿ ಹಾಕಿ. ಚಿತ್ರ ಅಚ್ಚಾದ ತುಂಡು, ಸ್ಟಿಕ್ಕರ್ ಇರುವುದು ಇದರಲ್ಲಿ ಮುಳುಗಲೇಬಾರದು. ಹೊಸದರಂತೆ ಬೆಳ್ಳಗಾಗಲಿ ಎಂದು ಕಾಯುವುದೂ ಬೇಡ. ಮುಕ್ಕಾಲು ಪಾಲು ಹಳದಿ ಹೋದ ಕೂಡಲೇ ನಾನು ತೆಗೆದುಬಿಡುತ್ತೇನೆ, ಹೇಗೂ ಕೆಲವು ವರ್ಷದಲ್ಲಿ ಸ್ವಲ್ಪ ಮರಳುತ್ತದೆ.

ಬಣ್ಣಕ್ಕಿಂತ ನನಗೆ ಮುಖ್ಯ ಹಿಡಿತ. ವರ್ಷಾನುಗಟ್ಟಲೆ ಜೋಡಿಸಿಯೇ ಇಟ್ಟ ಇಟ್ಟಿಗೆಯ ಗೋಡೆ ಹೊರಕ್ಕೆ ಬಾಗಿ ಸಡಿಲವಾಗಿರುತ್ತದೆ, ಒಂದೇ ಸಾಲು ಗುಬುಟಿನವು ಇನ್ನೂ ಬೇಗ. ಪ್ರತಿಯೊಂದನ್ನೂ ಗಟ್ಟಿ ಪ್ಲೇಟಿಗೆ ಕೂರಿಸಿ ತಲೆಕೆಳಗು ಮಾಡಿ ಒಮ್ಮೆ ಕೊಡವಿ. ಬಿದ್ದದ್ದನ್ನು ಬೆಳಕಿಗೆ ಹಿಡಿದರೆ ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು ಕಾಣುತ್ತದೆ. ಸೂಪರ್ ಗ್ಲೂ ಹಾಕಿದರೆ ಅದರ ಹೊಗೆಗೆ ಸುತ್ತಲೂ ಬಿಳಿ ಬೂದಿ ಕೂತು ಇನ್ನಷ್ಟು ಕೆಡುತ್ತದೆ. ಸೀಳಿಲ್ಲದೆ ಬರೀ ಸಡಿಲವಾಗಿದ್ದರೆ, ಮೇಲೂ ಕೆಳಗೂ ಬೇರೆ ತುಂಡು ಹಿಡಿದುಕೊಳ್ಳುವ ನಡುವಿನ ಜಾಗಕ್ಕೆ ಹಾಕಿ. ತುದಿಗೆ ಹಾಕಬೇಡಿ. ಅಂಟಿಕೊಂಡ ಎರಡು ಪ್ಲೇಟನ್ನು ಹಲ್ಲಿನಲ್ಲಿ ಬಿಡಿಸಿದ ಗುರುತು ಎಲ್ಲ ಡಬ್ಬದಲ್ಲೂ ಇರುತ್ತದೆ. ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಉದ್ದ ಇಟ್ಟಿಗೆ ಕೂರಿಸಿ ಎದುರುಬದುರು ತಿರುಚಿದರೆ ಹಲ್ಲಿನ ಸಹಾಯವಿಲ್ಲದೆ ಬಿಡುತ್ತವೆ. ಹಳೇ ಹಲ್ಲಿನ ಗುರುತನ್ನು ನಾನು ಮರಳುಕಾಗದ ಹಾಕಿ ಉಜ್ಜುವುದಿಲ್ಲ, ಇದ್ದರೆ ಇರಲಿ.

ಸೂಚನಾ ಪುಸ್ತಕ ಸಿಕ್ಕಿದರೆ ಅದೃಷ್ಟ. ಹಳೆಯವುಗಳಲ್ಲಿ ಪ್ರತಿ ಹಂತಕ್ಕೆ ಬೇಕಾದ ತುಂಡುಗಳ ಪಟ್ಟಿ ಇರುವುದಿಲ್ಲ, ಹಿಂದಿನ ಚಿತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಎಣಿಸಿಯೇ ಮುಂದೆ ಹೋಗಬೇಕು. ಪುಸ್ತಕದ ಪಿನ್ನು ತುಕ್ಕು ಹಿಡಿದಿದ್ದರೆ ಒಳಗಡೆಯಿಂದ ಚೂರಿ ತುದಿಯಲ್ಲಿ ಬಿಡಿಸಿ, ಅದೇ ತೂತಿನಲ್ಲಿ ಹತ್ತಿ ದಾರ ಕಟ್ಟಿ.

ಎತ್ತಿಡುವಾಗ ಟೈರುಗಳನ್ನು ಬೇರೆ ಕಾಗದದಲ್ಲಿ ಸುತ್ತಿ. ಜಿಯೋಮೆಟ್ರಿ ಬಾಕ್ಸಿನಲ್ಲಿ ರಬ್ಬರು ಸ್ಕೇಲಿಗೆ ಅಂಟಿ ಗುಂಡಿ ಬಿದ್ದದ್ದು ನೋಡಿದ್ದೀರಲ್ಲ, ಇಲ್ಲೂ ಅದೇ ಆಗುತ್ತದೆ: ಮೆತ್ತನೆ ವಸ್ತುವಿನ ಎಣ್ಣೆಯಂಥ ಅಂಶ ಗಟ್ಟಿ ಪ್ಲಾಸ್ಟಿಕ್ಕಿಗೆ ಇಳಿದು ಅದನ್ನು ಕರಗಿಸುತ್ತದೆ. ರಬ್ಬರ್ ಬ್ಯಾಂಡ್ ಕೂಡ ಬೇಡ. ನುಸಿಗುಳಿಗೆಯ ಆವಿಗೂ ಕೆಲವು ಪ್ಲಾಸ್ಟಿಕ್ ಮೆದುವಾಗುತ್ತದೆ. ಮೂರು ಲೀಟರಿನ ಬಿಗಿ ಮುಚ್ಚಳದ ಡಬ್ಬಕ್ಕೆ 50 ಗ್ರಾಂ ಸಿಲಿಕಾ ಜೆಲ್ ಬಟ್ಟೆಚೀಲದಲ್ಲಿ ಹಾಕುತ್ತೇನೆ. ನೀಲಿ ಕಾಳು ಗುಲಾಬಿಗೆ ತಿರುಗಿದರೆ ತೇವ ತುಂಬಿತು ಎಂದರ್ಥ. ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಿರುವುದರಿಂದ ಹುರಿಯುವ ಬಾಣಲೆ ಅಡುಗೆಯದಾಗಿರಬಾರದು. ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಕಾಳಿನ ಬಣ್ಣ ನೋಡಿ.